ಹಳೇ ಸೆಡಾನ್: 90 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಕ, ಎಡಕ್ಕೆ ಎಳೆತ, ಹಂಪ್‌ನಲ್ಲಿ ಕಟಕಟ. ರ‍್ಯಾಕ್ ಬದಲಿಸಲೇಬೇಕಾ?

ಕೆರೆದಂಡೆ_ಹಾಸನ

ಎಲ್ಲರಿಗೂ ನಮಸ್ಕಾರ. 2014ರ ಪೆಟ್ರೋಲ್ ಸೆಡಾನ್ ಒಂದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀನಿ. ಮೀಟರ್‌ನಲ್ಲಿ 92,000 ಕಿ.ಮೀ. ಇದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರ ಸೇರಿಸೋ ತೊಲೆ), ಕಾಲಂನಲ್ಲೇ (ಸ್ಟೇರಿಂಗ್ ಕೆಳಗಿನ ಕಂಬ) ಮೋಟರ್ ಇರೋ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ಟೈರ್ ಸೈಜು 185/65 ಆರ್15. ಅಲಾಯ್ ವೀಲ್ ಕಂಪನಿಯಿಂದ ಬಂದಿದ್ದಲ್ಲ, ಹಿಂದಿನ ಓನರ್ ಹೊರಗಡೆ ಹಾಕಿಸಿದ್ದು. ಸರ್ವಿಸ್ ಪುಸ್ತಕದಲ್ಲಿ 78,000ಕ್ಕೆ ಕ್ಲಚ್ ಬದಲಿಸಿದ್ದು ಬರೆದಿದೆ. ಆಕ್ಸಿಡೆಂಟ್ ಕ್ಲೇಮ್ ಏನೂ ಕಾಣ್ತಿಲ್ಲ.

ತೊಂದರೆ ಏನಂದ್ರೆ, 80 ದಾಟಿದ ಮೇಲೆ ಸ್ಟೇರಿಂಗ್ ನಡುಗೋಕೆ ಶುರುವಾಗುತ್ತೆ, 90ರಲ್ಲಿ ಜೋರು, 100ರ ಹತ್ತಿರ ಬಹುತೇಕ ನಿಲ್ಲುತ್ತೆ. ಬ್ರೇಕ್ ಒತ್ತಿದ್ರೂ ಬಿಟ್ರೂ ವ್ಯತ್ಯಾಸ ಇಲ್ಲ. ನೇರ ರಸ್ತೇಲಿ ಕೈ ಸಡಿಲ ಬಿಟ್ರೆ ಎಡಕ್ಕೆ ಎಳೆಯುತ್ತೆ. ಅಲೈನ್‌ಮೆಂಟ್ ಮಾಡಿಸಿದ ಮೇಲೂ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಸುಮಾರು 10 ಡಿಗ್ರಿ ಬಲಕ್ಕೆ ವಾಲಿರುತ್ತೆ. ತಿರುವು ಮುಗಿದ ಮೇಲೆ ತಾನಾಗಿ ಮಧ್ಯಕ್ಕೆ ವಾಪಸ್ ಬರಲ್ಲ, ನಾನೇ ತಿರುಗಿಸಬೇಕು. ಇನ್ನೊಂದು, 15–20ರ ವೇಗದಲ್ಲಿ ಸಣ್ಣ ಹಂಪ್, ಕಿತ್ತುಹೋದ ಟಾರು ಸಿಕ್ಕಿದ್ರೆ ಬಲ ಮುಂದುಗಡೆಯಿಂದ ಕಟಕಟ ಶಬ್ದ.

ಒಂದು ಗ್ಯಾರೇಜಲ್ಲಿ ಸ್ಟೇರಿಂಗ್ ರ‍್ಯಾಕ್ ಅಸೆಂಬ್ಲಿ (ಸ್ಟೇರಿಂಗ್ ತಿರುಗಿಸಿದಾಗ ಅಡ್ಡ ಸರಿದು ಚಕ್ರ ತಿರುಗಿಸೋ ಹಲ್ಲಿನ ಸರಳು) ಮತ್ತು ಎರಡೂ ಲೋಯರ್ ಆರ್ಮ್ (ಚಕ್ರವನ್ನ ಕೆಳಗಿನಿಂದ ಹಿಡಿಯೋ ತೋಳು) ಬದಲಿಸಬೇಕು ಅಂದಿದ್ದಾರೆ. ಖರ್ಚು ಸಣ್ಣದಲ್ಲ. ಅಷ್ಟು ಮಾಡಿಸಿದ್ರೆ ಎಲ್ಲಾ ಸರಿಹೋಗುತ್ತಾ? ಅದಕ್ಕೆ ಮುಂಚೆ ಏನೇನು ನೋಡಬೇಕು?

ಟೋಇನ್_ತುಮಕೂರು

ಐದು ಲಕ್ಷಣ ಬರೆದಿದ್ದೀರಿ. ಗ್ಯಾರೇಜಿನವರು ಐದನ್ನೂ ಒಟ್ಟಿಗೆ ಕಟ್ಟಿ ರ‍್ಯಾಕ್ ತಲೆಗೆ ಹಾಕಿದ್ದಾರೆ. ಮೊದಲು ಅದನ್ನ ಬಿಡಿಬಿಡಿಯಾಗಿ ನೋಡಿ. ರ‍್ಯಾಕ್ ಸವೆದಿದ್ರೆ ಸ್ಟೇರಿಂಗ್ ಮಧ್ಯದಲ್ಲಿ ಲೂಸ್ ಬರುತ್ತೆ, ಗುಂಡಿಯಲ್ಲಿ ಬಡಿಯುತ್ತೆ. ಆದ್ರೆ 80ಕ್ಕೆ ಶುರುವಾಗಿ 100ಕ್ಕೆ ನಿಲ್ಲೋ ನಡುಕ ರ‍್ಯಾಕ್‌ನಲ್ಲಿ ಹುಟ್ಟೋದಿಲ್ಲ. ಹೆಚ್ಚೆಂದರೆ ಲೂಸ್ ರ‍್ಯಾಕ್ ಆ ನಡುಕವನ್ನ ಕೈಗೆ ಜಾಸ್ತಿ ತಲುಪಿಸುತ್ತೆ. ಹುಟ್ಟೋದು ತಿರುಗೋ ವಸ್ತುವಿನಲ್ಲಿ: ಟೈರ್, ರಿಮ್, ಹಬ್ (ಚಕ್ರ ಕೂರೋ ಮಧ್ಯದ ತಿರುಗೋ ಭಾಗ) ಅಥವಾ ಆಕ್ಸಲ್.

ನಿಮ್ಮ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. 90ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ 13 ಸುತ್ತು ಹೊಡೆಯುತ್ತೆ. ರಿಮ್ ಅಂಚಲ್ಲಿ 30 ಗ್ರಾಂ ಹೆಚ್ಚುಕಮ್ಮಿ ಇದ್ರೆ, ಆ ವೇಗದಲ್ಲಿ ಪ್ರತಿ ಸುತ್ತಿಗೂ ಮೂರೂವರೆಯಿಂದ ನಾಲ್ಕು ಕೆ.ಜಿ. ಎಳೆತ ಹಬ್ ಮೇಲೆ ಬೀಳುತ್ತೆ. ಮುಂದಿನ ಸಸ್ಪೆನ್ಷನ್ ಮತ್ತು ಸ್ಟೇರಿಂಗ್ ತಾವೇ ಅಲುಗಾಡೋಕೆ ಇಷ್ಟಪಡೋ ಲಯವೂ ಅದೇ ಸುಮಾರಿನಲ್ಲಿ ಇರುತ್ತೆ. ಎರಡೂ ಕೂಡಿದಾಗ ನಡುಕ ಜೋರು, ವೇಗ ದಾಟಿದಾಗ ಲಯ ತಪ್ಪಿ ಕಮ್ಮಿ. ನಡುಕ ಕೈಗೆ ಬಂದ್ರೆ ಮುಂದಿನ ಚಕ್ರ, ಸೀಟಿಗೆ ಬಂದ್ರೆ ಹಿಂದಿನ ಚಕ್ರ ಅನ್ನೋ ಲೆಕ್ಕ ಬಹುತೇಕ ಸರಿ.

ಬ್ರೇಕಿಗೆ ಬದಲಾಗಲ್ಲ ಅಂದಿದ್ದೀರಿ, ಹಾಗಾಗಿ ಡಿಸ್ಕ್ ಪಕ್ಕಕ್ಕಿಡಿ. ಆಕ್ಸಿಲರೇಟರ್ ಬಿಟ್ಟ ತಕ್ಷಣ ನಡುಕ ನಿಂತು, ಒತ್ತಿದಾಗ ಮತ್ತೆ ಬಂದ್ರೆ ಒಳಗಿನ ಸಿ.ವಿ. ಜಾಯಿಂಟ್ (ಗೇರ್‌ಬಾಕ್ಸ್ ಕಡೆಯ ಆಕ್ಸಲ್ ಕೀಲು) ನೋಡಬೇಕು. ಒತ್ತಿದ್ರೂ ಬಿಟ್ರೂ ಒಂದೇ ಆದ್ರೆ ಚಕ್ರಕ್ಕೇ ಬನ್ನಿ.

ಬ್ಯಾಲೆನ್ಸಿಂಗ್ ಮಾಡಿಸೋ ಮುಂಚೆ ನಾಲ್ಕೂ ಚಕ್ರ ಬಿಚ್ಚಿಸಿ ರಿಮ್ ಒಳಮೈ ತೊಳೆಸಿ. ಮಳೆಗಾಲದ ಕೆಮ್ಮಣ್ಣು ಸ್ಪೋಕ್ ಹಿಂದೆ ಒಣಗಿ ಕೂತಿರುತ್ತೆ. ಅದರ ಮೇಲೇ ಬ್ಯಾಲೆನ್ಸ್ ಮಾಡಿದ್ರೆ ಮುಂದಿನ ಮಳೆಗೆ ಆ ಮಣ್ಣು ಕರಗಿ ಕೆಲಸವೆಲ್ಲ ವ್ಯರ್ಥ. ಹಳೆಯ ತೂಕಗಳನ್ನ ಪೂರ್ತಿ ಕೀಳಿಸಿ, ಸೊನ್ನೆಯಿಂದ ಶುರು ಮಾಡೋಕೆ ಹೇಳಿ. ಅಲಾಯ್‌ಗೆ ಅಂಟಿಸೋ ತೂಕ ಬೇಕು, ಸುತ್ತಿಗೆಯಿಂದ ಬಡಿದು ಕೂರಿಸೋ ಕ್ಲಿಪ್ ತೂಕ ಸ್ಟೀಲ್ ರಿಮ್ಮಿಗೆ. ಮಷೀನಿನಲ್ಲಿ ತಿರುಗುವಾಗ ರಿಮ್ ಅಂಚನ್ನ ಪಕ್ಕದಿಂದ ನೋಡಿ. ಕಣ್ಣಿಗೇ ಅಲೆ ಕಾಣ್ತಿದ್ರೆ ಅದು ಬಾಗಿದೆ. ಒಂದು ಚಕ್ರಕ್ಕೆ ಒಟ್ಟು 60–70 ಗ್ರಾಂ ದಾಟಿ ಬೇಡ್ತಿದ್ರೆ ಅಲ್ಲೇ ನಿಲ್ಲಿಸಿ, ಗಾಳಿ ಬಿಟ್ಟು ಟೈರನ್ನ ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಎಷ್ಟೋ ಸಲ ಬೇಕಾದ ತೂಕ ಅರ್ಧಕ್ಕೆ ಇಳಿಯುತ್ತೆ. ಹೊಸ ಟೈರಿನ ಪಕ್ಕದಲ್ಲಿರೋ ಹಳದಿ ಚುಕ್ಕೆ ವಾಲ್ವ್ ಪಕ್ಕಕ್ಕೆ ಬರಬೇಕು ಅನ್ನೋದೂ ಇದಕ್ಕೇ: ಚುಕ್ಕೆ ಇರೋದು ಟೈರಿನ ಹಗುರವಾದ ಜಾಗದಲ್ಲಿ, ವಾಲ್ವ್ ರಿಮ್ಮಿನ ಭಾರವಾದ ಜಾಗ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ಅಲಾಯ್ ಮೇಲೆ. ಹೊರಗಿನ ಅಲಾಯ್‌ಗಳನ್ನ ಹಲವು ಗಾಡಿಗೆ ಕೂರಲಿ ಅಂತ ಮಧ್ಯದ ತೂತು ದೊಡ್ಡದು ಮಾಡಿರ್ತಾರೆ, 73.1 ಮಿ.ಮೀ. ಸಾಮಾನ್ಯ. ಗಾಡಿಯ ಹಬ್ ನೋಡಿದ್ರೆ 54.1 ಅಥವಾ 56.1. ಈ ಸಂದಿ ತುಂಬೋಕೆ ಒಂದು ಹಬ್ ರಿಂಗ್ ಬರುತ್ತೆ. ಅದು ಇಲ್ಲದಿದ್ರೆ ಚಕ್ರ ಬರೀ ನಟ್‌ಗಳ ಮೇಲೆ ಮಧ್ಯ ಹುಡುಕಬೇಕು. ಗಾಡಿ ನೆಲದ ಮೇಲಿರುವಾಗಲೇ ಗಾಳಿ ಗನ್ನಿನಿಂದ ಒಂದು ನಟ್ ಪೂರ್ತಿ ಬಿಗಿದ್ರೆ ಚಕ್ರ ಒಂದು ಕಡೆ ಜಾರಿ ಅಲ್ಲೇ ಕೂತುಬಿಡುತ್ತೆ. ಬ್ಯಾಲೆನ್ಸಿಂಗ್ ಮಷೀನ್ ಮೇಲೆ ಚಕ್ರ ಕೋನ್‌ನಲ್ಲಿ ಸರಿಯಾಗಿ ಮಧ್ಯಕ್ಕೆ ಕೂರೋದ್ರಿಂದ ಅಲ್ಲಿ ಸೊನ್ನೆ ತೋರಿಸುತ್ತೆ, ಗಾಡಿಗೆ ಹಾಕಿದ್ರೆ ನಡುಗುತ್ತೆ. "ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದ್ರೂ ಹೋಗಲ್ಲ" ಅನ್ನೋ ದೂರಿನ ಹಿಂದೆ ತುಂಬಾ ಸಲ ಇದೇ ಇರುತ್ತೆ.

ರಿಮ್ ತೂತು ಮತ್ತು ಹಬ್ ಎರಡನ್ನೂ ವರ್ನಿಯರ್‌ನಲ್ಲಿ ಅಳೆದು ಆಮೇಲೆ ರಿಂಗ್ ತಗೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದ್ರೂ ಅಳತೆ ಚೀಟಿ ಕೈಯಲ್ಲಿರಲಿ, ಗಾಡಿ ಹೆಸರು ಹೇಳಿ ತಂದ ರಿಂಗ್ ರಿಮ್ಮಿಗೆ ಕೂರಬೇಕೆಂದಿಲ್ಲ. ನಟ್ಟಿನ ಮೂತಿಯೂ ನೋಡಿ: ರಿಮ್ಮಿನ ಸೀಟು ಶಂಕುವಿನ ಆಕಾರದ್ದಾದ್ರೆ ನಟ್ಟೂ ಶಂಕು, ಗುಂಡಾದ್ರೆ ನಟ್ಟೂ ಗುಂಡು. ಅದಲುಬದಲಾದ್ರೆ ಅಂಚಲ್ಲಿ ಮಾತ್ರ ತಾಗಿ ಆಮೇಲೆ ಸಡಿಲ ಆಗುತ್ತೆ, ಇದು ನಡುಕಕ್ಕಿಂತ ದೊಡ್ಡ ಅಪಾಯ. ಹಬ್ ಮುಖದ ತುಕ್ಕನ್ನ ವೈರ್ ಬ್ರಷ್‌ನಿಂದ ಉಜ್ಜಿ, ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನ ಎದುರುಬದುರು ಕ್ರಮದಲ್ಲಿ ಕೈಯಿಂದ ಬಿಗಿದು, ಇಳಿಸಿದ ಮೇಲೆ ಟಾರ್ಕ್ ರೆಂಚ್. ಈ ಸೈಜಿನ ಗಾಡಿಗಳಿಗೆ 85ರಿಂದ 110 ನ್ಯೂಟನ್ ಮೀಟರ್ ಮಧ್ಯೆ ಎಲ್ಲೋ ಇರುತ್ತೆ, ನಿಮ್ಮ ಗಾಡಿಯದು ಮ್ಯಾನುಯಲ್‌ನಲ್ಲಿ ನೋಡಿ. 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ಹಾಕಿ.

ಎಳೆತದ ಬಗ್ಗೆ ಅಲೈನ್‌ಮೆಂಟ್ ಪ್ರಿಂಟ್ ನೋಡದೆ ಮಾತಾಡೋದು ಕಷ್ಟ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು; ಮೇಲ್ಭಾಗ ಒಳಗೆ ವಾಲಿದ್ರೆ ಮೈನಸ್), ಕ್ಯಾಸ್ಟರ್ (ಸ್ಟೇರಿಂಗ್‌ಗೆ ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ), ಎಸ್‌ಎಐ (ಅದೇ ಅಕ್ಷ ಒಳಕ್ಕೆ ವಾಲಿರೋ ಕೋನ) ಮೂರೂ ಇರೋ ಪ್ರಿಂಟ್ ತೆಗೆಸಿ ಇಲ್ಲಿ ಹಾಕಿ. ಬರೀ ಟೋ (ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರೋದು) ಇರೋ ಚೀಟಿ ಸಾಲದು. ಕ್ಯಾಸ್ಟರ್ ಮತ್ತು ಎಸ್‌ಎಐ ಬೇಕಂದ್ರೆ ಬ್ರೇಕ್ ಪೆಡಲ್ ಒತ್ತಿ ಹಿಡಿದು ಚಕ್ರವನ್ನ ಎರಡೂ ಕಡೆ ತಿರುಗಿಸಿ ಅಳೀಬೇಕು. ಸಮಯ ಹಿಡಿಯುತ್ತೆ ಅಂತ ಬಹಳ ಕಡೆ ಬಿಟ್ಟುಬಿಡ್ತಾರೆ, ನೀವೇ ಕೇಳಿ ಮಾಡಿಸಿ.

ಪಾನಾ_ಹುಬ್ಬಳ್ಳಿ

ಕಟಕಟದ ವಿಚಾರ ನಾ ಹೇಳ್ತೀನ್ರಿ. ಸಣ್ಣ ಹಂಪಿಗೆ, ಸಾವಕಾಶ ಹೋಗೂವಾಗ ಬರೂ ಶಬ್ದ ನೂರಕ್ಕ ಎಂಬತ್ತು ಸಲ ಲಿಂಕ್ ರಾಡ್ ಇಲ್ಲಾ ಸ್ಟೆಬಿಲೈಸರ್ ಬುಷ್ (ತಿರುವಿನ್ಯಾಗ ಗಾಡಿ ವಾಲೂದು ತಡಿಯೂ ಸರಳಿನ ಜೋಡಣಿ ಕಡ್ಡಿ, ರಬ್ಬರ್). ಅದನ್ನ ಹಿಡಿಯೂದು ಸರಳ ಐತಿ: ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿ, ಎಲ್ಲೂ ತಾಗಧಂಗ ತಂತಿಲೆ ಕಟ್ರಿ. ಒಂದ ಕಡೆ ಬಿಚ್ಚಿದ್ರ ಆಗೂದಿಲ್ಲ, ಎರಡೂ ಬಿಚ್ಚಬೇಕು. ಆಮ್ಯಾಲೆ ಅದ ಹಂಪ್ ಮ್ಯಾಲೆ 15–20ರಾಗ ಹಾಯ್ರಿ. ಶಬ್ದ ಹೋತಂದ್ರ ಕಳ್ಳ ಸಿಕ್ಕ. ಗಾಡಿ ತಿರುವಿನ್ಯಾಗ ಭಾಳ ವಾಲತೈತಿ, ಅದಕ್ಕ ಓಣಿ ಬಿಟ್ಟು ಹೈವೇಗೆ ಹೋಗಬ್ಯಾಡ್ರಿ.

ಹೋಗಲಿಲ್ಲಂದ್ರ ಜಾಕಿ ಏರಿಸ್ರಿ. ಸಪಾಟ ಜಾಗಾ, ಹಿಂದಿನ ಗಾಲಿಗೆ ಕಲ್ಲು, ಚೇಸಿ ಕೆಳಗ ಸ್ಟ್ಯಾಂಡ್. ಬರೇ ಜಾಕಿ ನಂಬಿ ಕೆಳಗ ಹೋಗೂದು ಬ್ಯಾಡ್ರಿ. ಗಡಿಯಾರದ 3 ಮತ್ತ 9ರ ಜಾಗಾದಾಗ ಗಾಲಿ ಹಿಡಿದು ಅಲುಗಾಡಸ್ರಿ. ಇಲ್ಲಿ ಪ್ಲೇ (ಸಡಿಲ ಅಲುಗಾಟ) ಬಂತಂದ್ರ ಟೈ ರಾಡ್ (ರ‍್ಯಾಕಿನಿಂದ ಗಾಲಿಗೆ ಹೋಗೂ ಕಡ್ಡಿ) ಎಂಡ್ ಇಲ್ಲಾ ಒಳಗಿನ ರ‍್ಯಾಕ್ ಎಂಡ್. ಎರಡರಾಗ ಯಾವುದು ಅಂತ ಗೊತ್ತಾಗಬೇಕಂದ್ರ ಇನ್ನೊಬ್ಬರು ಅಲುಗಾಡಸೂವಾಗ ರ‍್ಯಾಕ್ ಬೂಟ್ ಮ್ಯಾಲಿಂದ ಒಳಗಿನ ಜಾಯಿಂಟ್ ಒತ್ತಿ ಹಿಡೀರಿ, ಟಕ್ ಅನ್ನೂದು ಬೆರಳಿಗೇ ತಿಳೀತೈತಿ. 12 ಮತ್ತ 6ರಾಗ ಪ್ಲೇ ಇತ್ತಂದ್ರ ಬಾಲ್ ಜಾಯಿಂಟ್ (ಲೋಯರ್ ಆರ್ಮ್ ತುದಿಯ ಗುಂಡು ಕೀಲು) ಇಲ್ಲಾ ವೀಲ್ ಬೇರಿಂಗ್. ಆವಾಗ ಒಳಗ ಒಬ್ಬರು ಬ್ರೇಕ್ ಒತ್ತಲಿ. ಪ್ಲೇ ಮಾಯ ಆತಂದ್ರ ಬೇರಿಂಗ್, ಹಂಗ ಉಳೀತಂದ್ರ ಬಾಲ್ ಜಾಯಿಂಟ್. ಬೇರಿಂಗ್ ಹೋಗಿದ್ರ ವೇಗ ಏರಿಧಂಗ ಗುಂಯ್ ಅನ್ನೂ ಸದ್ದೂ ಇರತೈತಿ. ಎಡಕ್ಕ ತಿರುಗಿಸಿದಾಗ ಸದ್ದು ಹೆಚ್ಚಾತಂದ್ರ ಬಲಗಡೆದ್ದು, ಯಾಕಂದ್ರ ತೂಕ ಆ ಕಡೆ ಬೀಳತೈತಿ.

ಲೋಯರ್ ಆರ್ಮ್ ಎರಡೂ ಬದಲಿ ಅಂದಾರಲ್ಲ, ಹಿಂದಿನ ದೊಡ್ಡ ಬುಷ್‌ಗೆ ಸಬ್ಬಲ್ ಹಾಕಿ ಎತ್ತಿ ನೋಡ್ರಿ. ರಬ್ಬರ್ ಮ್ಯಾಲೆ ಕೂದಲೆಳಿಯಷ್ಟು ಸೀಳು ಇದ್ರ ವಯಸ್ಸಿನ ಲಕ್ಷಣ, ಇನ್ನೂ ನಡೀತೈತಿ. ರಬ್ಬರ್ ಒಳಗಿನ ಕಬ್ಬಿಣದ ಬುಷಿಂದ ಕಿತ್ತು ಬಂದಿದ್ರ ಬದಲಿ ಬೇಕೇ ಬೇಕು. ಬುಷ್ ಅಷ್ಟ ಹೋಗಿ ಬಾಲ್ ಜಾಯಿಂಟ್ ಬಿಗಿ ಇದ್ರ ಪ್ರೆಸ್‌ನ್ಯಾಗ ಬುಷ್ ಅಷ್ಟ ಒತ್ತಿಸ್ರಿ. ಎರಡೂ ಹೋಗಿದ್ರ ಪೂರಾ ಆರ್ಮ್ ಸೋವಿ ಬೀಳತೈತಿ.

ಒಂದು ಮಾತು ಮರೀಬ್ಯಾಡ್ರಿ. ಆರ್ಮ್ ಬುಷ್ ಬೋಲ್ಟ್ ಗಾಳ್ಯಾಗ ಗಾಲಿ ಜೋತು ಬಿದ್ದಾಗ ಪೂರಾ ಬಿಗೀಬಾರದು. ಗಾಡಿ ನೆಲಕ್ಕ ಇಳಿಸಿ, ತೂಕ ಬಿದ್ದ ಮ್ಯಾಲೆ ಕಡೇ ಬಿಗಿತ. ಇಲ್ಲಂದ್ರ ರಬ್ಬರ್ ಯಾವಾಗ್ಲೂ ತಿರುಚಿಕೊಂಡ ಇರತೈತಿ, ವರ್ಷದಾಗ ಮತ್ತ ಹರಿತೈತಿ.

ಸುಮ್ನೆ_ಓದುಗ

ಸ್ಟೇರಿಂಗ್ 10 ಡಿಗ್ರಿ ವಾಲಿರೋದಕ್ಕೆ ಅಷ್ಟೆಲ್ಲ ತಲೆ ಕೆಡಿಸ್ಕೋಬೇಡಿ. ಮಧ್ಯದ ನಟ್ ಬಿಚ್ಚಿ, ಸ್ಟೇರಿಂಗ್ ವೀಲ್ ಕಿತ್ತು ಒಂದು ಹಲ್ಲು ತಿರುಗಿಸಿ ಹಾಕಿದ್ರೆ ನೇರ ಆಗುತ್ತೆ. ಹಂಗೇ ನೈಟ್ರೋಜನ್ ತುಂಬಿಸಿ, ನಡುಕನೂ ಕಮ್ಮಿ ಆಗುತ್ತೆ.

ಟೋಇನ್_ತುಮಕೂರು

ಸುಮ್ನೆ_ಓದುಗ ಅವರೇ, ಎರಡೂ ಬೇಡ. ಆ ವೀಲ್ ಒಳಗೆ ಏರ್‌ಬ್ಯಾಗ್ ಇದೆ. ಬ್ಯಾಟರಿ ತೆಗೆಯದೆ, ಕಾಯದೆ ಅಲ್ಲಿಗೆ ಪಾನಾ ಹಾಕೋದು ತಮಾಷೆಯಲ್ಲ. ವೀಲ್ ನೇರ ಕಂಡರೂ ರ‍್ಯಾಕ್ ಮಧ್ಯದಲ್ಲಿ ಇರಲ್ಲ, ಒಂದು ಕಡೆ ಜಾಸ್ತಿ ತಿರುಗಿ ಇನ್ನೊಂದು ಕಡೆ ಕಮ್ಮಿ ತಿರುಗುತ್ತೆ. ಇನ್ನು ನೈಟ್ರೋಜನ್. ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ಅದೇ ಇದೆ. ಒತ್ತಡ ಸ್ವಲ್ಪ ನಿಧಾನಕ್ಕೆ ಇಳಿಯಬಹುದು, ಬ್ಯಾಲೆನ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ವಾಲಿರೋ ಸ್ಟೇರಿಂಗ್ ಸರಿ ಮಾಡೋ ಜಾಗ ಟೈ ರಾಡ್. ಸ್ಟೇರಿಂಗನ್ನ ಎಡ ಲಾಕ್‌ನಿಂದ ಬಲ ಲಾಕ್‌ಗೆ ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು, ಸೀಟಿಗೆ ಕಂಬಿ ಕೊಟ್ಟು ಕಟ್ಟಬೇಕು. ಆಮೇಲೆ ಎರಡೂ ಟೈ ರಾಡ್ ಒಂದೊಂದಾಗಿ ಹೊಂದಿಸಬೇಕು. 10 ಡಿಗ್ರಿ ಅಂದ್ರೆ ಚಕ್ರದಲ್ಲಿ ಸುಮಾರು 0.6 ಡಿಗ್ರಿ. ಟೈ ರಾಡ್‌ನಲ್ಲಿ ಒಂದು ಕಡೆ ಉದ್ದ, ಇನ್ನೊಂದು ಕಡೆ ಅಷ್ಟೇ ಗಿಡ್ಡ, ಎರಡೂ ಒಂದು ಸುತ್ತಿಗಿಂತ ಸ್ವಲ್ಪ ಕಮ್ಮಿ. ನಿಮ್ಮಲ್ಲಿ ಅಲೈನ್‌ಮೆಂಟ್‌ನವರು ಕೈಗೆ ಸಿಕ್ಕ ಒಂದೇ ಕಡೆ ತಿರುಗಿಸಿ ಒಟ್ಟು ಟೋ ಹಸಿರು ಬಣ್ಣಕ್ಕೆ ತಂದು ಕಳಿಸಿರಬಹುದು. ಲಾಕ್ ನಟ್ ಹೊರಗೆ ಕಾಣೋ ಹಲ್ಲುಗಳನ್ನ ಎರಡೂ ಕಡೆ ಎಣಿಸಿ. ಮೂರು ನಾಲ್ಕು ಹಲ್ಲಿನ ವ್ಯತ್ಯಾಸ ಇದ್ರೆ ಅದೇ ಆಗಿರೋದು, ಇಲ್ಲಾ ಯಾವುದೋ ಭಾಗ ಬಾಗಿದೆ.

ಕೆರೆದಂಡೆ_ಹಾಸನ

ನೀವೆಲ್ಲ ಹೇಳಿದ್ದನ್ನ ಒಂದೊಂದಾಗಿ ನೋಡಿಸಿದೆ. ರಿಮ್ ತೂತು 73.1, ಹಬ್ 54.1, ಮಧ್ಯೆ ರಿಂಗೇ ಇಲ್ಲ. ಬಲ ಮುಂದಿನ ಚಕ್ರದಲ್ಲಿ ಹಳೇ ತೂಕ 75 ಗ್ರಾಂ ಅಂಟಿಸಿತ್ತು. ಟೈರ್ ಅರ್ಧ ಸುತ್ತು ತಿರುಗಿಸಿದ ಮೇಲೆ 30ಕ್ಕೆ ಬಂತು. ರಿಂಗ್ ಹಾಕಿಸಿ ಟಾರ್ಕ್ ರೆಂಚ್‌ನಲ್ಲಿ ಬಿಗಿಸಿದ ಮೇಲೆ 90ರಲ್ಲಿ ನಡುಕ ಇಲ್ಲ.

ಲಿಂಕ್ ರಾಡ್ ಎರಡೂ ಬಿಚ್ಚಿದಾಗ ಕಟಕಟ ಹೋಯ್ತು. ಬಲಗಡೆಯದು ಕೈಯಲ್ಲೇ ಅಲುಗಾಡುತ್ತೆ. 3–9, 12–6 ಎರಡರಲ್ಲೂ ಪ್ಲೇ ಇಲ್ಲ. ಬಲ ಆರ್ಮ್‌ನ ಹಿಂದಿನ ಬುಷ್ ಕಬ್ಬಿಣದಿಂದ ಬಿಟ್ಟಿದೆ, ಎಡಗಡೆ ಚೆನ್ನಾಗಿದೆ.

ಎಳೆತ ಇನ್ನೂ ಹಾಗೇ ಇದೆ. ನಾಲ್ಕೂ ಟೈರ್ 32 ಪಿಎಸ್‌ಐ. ಮುಂದಿನ ಟೈರ್ ಎಡ ಬಲ ಅದಲುಬದಲು ಮಾಡಿದ್ರೂ ಎಡಕ್ಕೇ ಎಳೆಯುತ್ತೆ. ಓಡಿಸಿ ಬಂದು ಮುಟ್ಟಿ ನೋಡಿದ್ರೆ ಎರಡೂ ಮುಂದಿನ ಚಕ್ರ ಒಂದೇ ಬಿಸಿ. ಪ್ರಿಂಟ್ ಹೀಗಿದೆ:

ಕ್ಯಾಂಬರ್: ಎಡ −0°20′, ಬಲ −1°20′
ಕ್ಯಾಸ್ಟರ್: ಎಡ 3°10′, ಬಲ 3°15′
ಎಸ್‌ಎಐ: ಎಡ 12°30′, ಬಲ 13°30′
ಹಿಂದಿನ ಥ್ರಸ್ಟ್ ಆಂಗಲ್ (ಹಿಂದಿನ ಚಕ್ರಗಳು ಹೋಗೋ ದಿಕ್ಕು ನೇರದಿಂದ ಎಷ್ಟು ಓರೆ): 0°04′

"ಕ್ಯಾಂಬರ್ ಈ ಗಾಡಿಯಲ್ಲಿ ಅಡ್ಜಸ್ಟ್ ಆಗಲ್ಲ, ಸ್ಟ್ರಟ್ ಬಾಗಿರುತ್ತೆ, ಬದಲಿಸಿ" ಅಂದ್ರು.

ಟೋಇನ್_ತುಮಕೂರು

ಸ್ಟ್ರಟ್ ತರಬೇಡಿ, ಸ್ವಲ್ಪ ತಡೀರಿ. ಈ ಪ್ರಿಂಟ್ ಬಹಳ ಚೆನ್ನಾಗಿ ಮಾತಾಡ್ತಿದೆ.

ಮೊದಲು ಎಳೆತ. ಗಾಡಿ ಕ್ಯಾಂಬರ್ ಜಾಸ್ತಿ ಪಾಸಿಟಿವ್ ಇರೋ ಕಡೆಗೆ, ಕ್ಯಾಸ್ಟರ್ ಕಮ್ಮಿ ಇರೋ ಕಡೆಗೆ ಎಳೆಯುತ್ತೆ. ಎಡ ಬಲ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ ಇರಬೇಕು. ನಿಮ್ಮ ಕ್ಯಾಸ್ಟರ್‌ನಲ್ಲಿ 5 ನಿಮಿಷದ ವ್ಯತ್ಯಾಸ, ಅದು ಲೆಕ್ಕಕ್ಕಿಲ್ಲ. ಕ್ಯಾಂಬರ್‌ನಲ್ಲಿ ಪೂರ್ತಿ ಒಂದು ಡಿಗ್ರಿ, ಎಡಗಡೆ ಪಾಸಿಟಿವ್ ಕಡೆಗಿದೆ. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರಾಗಿರೋದೂ ಇದಕ್ಕೆ ಸೇರುತ್ತೆ. ಟೈರ್ ಅದಲುಬದಲು ಮಾಡಿದಾಗ ಎಳೆತದ ದಿಕ್ಕು ಬದಲಾಗಿದ್ರೆ ಟೈರಿನ ದೋಷ ಅನ್ನಬಹುದಿತ್ತು, ಅದಾಗಿಲ್ಲ. ಚಕ್ರ ಒಂದೇ ಬಿಸಿ ಅಂದ್ರೆ ಬ್ರೇಕ್ ಕ್ಯಾಲಿಪರ್ ಹಿಡಿದಿಲ್ಲ. ಟೋ ಎಷ್ಟೇ ತಪ್ಪಿದ್ರೂ ಟೈರ್ ತಿನ್ನುತ್ತೆ, ಸ್ಟೇರಿಂಗ್ ವಾಲಿಸುತ್ತೆ, ಮುಂದಿನ ಚಕ್ರದಲ್ಲಿ ಹೀಗೆ ಒಂದೇ ಕಡೆ ಎಳೆಯೋದಿಲ್ಲ.

ಈಗ ಕ್ಯಾಂಬರ್ ಮತ್ತು ಎಸ್‌ಎಐ ಕೂಡಿಸಿ. ಕ್ಯಾಂಬರ್ ಮೈನಸ್ ಆಗಿರೋದ್ರಿಂದ ಕಳೀಬೇಕು. ಎಡಕ್ಕೆ 12°30′ರಲ್ಲಿ 20′ ಕಳೆದ್ರೆ 12°10′. ಬಲಕ್ಕೆ 13°30′ರಲ್ಲಿ 1°20′ ಕಳೆದ್ರೂ 12°10′. ಇದೇ ಇನ್‌ಕ್ಲೂಡೆಡ್ ಆಂಗಲ್. ಸ್ಟ್ರಟ್ ಅಥವಾ ನಕ್ಕಲ್ (ಹಬ್ ಹಿಡಿದಿರೋ ಭಾಗ) ಬಾಗಿದ್ರೆ ಈ ಮೊತ್ತ ಎರಡೂ ಕಡೆ ಬೇರೆ ಬೇರೆ ಬರಲೇಬೇಕು. ಒಂದೇ ಬಂದಿದೆ, ಅಂದ್ರೆ ಸ್ಟ್ರಟ್ಟೂ ನಕ್ಕಲ್ಲೂ ನೆಟ್ಟಗಿವೆ, ಅವನ್ನ ಹಿಡಿದಿರೋ ಜಾಗ ಸರಿದಿದೆ. ಒಂದು ಕಡೆ ಅರ್ಧ ಡಿಗ್ರಿ ಪ್ಲಸ್, ಇನ್ನೊಂದು ಕಡೆ ಅಷ್ಟೇ ಮೈನಸ್ ಆಗಿರೋ ಹಾಗಿದೆ. ಎರಡೂ ಆರ್ಮ್‌ಗಳು ಕೂತಿರೋ ಸಬ್‌ಫ್ರೇಮ್ ಬಲಕ್ಕೆ ಸರಿದಾಗ ಬರೋ ಚಿತ್ರ ಇದು: ಬಲ ಚಕ್ರದ ಕೆಳಭಾಗ ಹೊರಗೆ, ಎಡ ಚಕ್ರದ ಕೆಳಭಾಗ ಒಳಗೆ. ಕೆಳಗಿನ ಬಾಲ್ ಜಾಯಿಂಟ್‌ನಿಂದ ಮೇಲಿನ ಮೌಂಟ್‌ಗೆ 60 ಸೆಂ.ಮೀ. ಹಿಡಿದ್ರೆ ಅರ್ಧ ಡಿಗ್ರಿಗೆ 5 ಮಿ.ಮೀ. ಸರಿತ ಸಾಕು.

78,000ಕ್ಕೆ ಕ್ಲಚ್ ಬದಲಿಸಿದ್ದಾರೆ ಅಂದ್ರಲ್ಲ. ಹಲವು ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸೋಕೆ ಸಬ್‌ಫ್ರೇಮ್ ಸಡಿಲಿಸಬೇಕು ಇಲ್ಲಾ ಇಳಿಸಬೇಕು. ಬೋಲ್ಟ್ ತೂತುಗಳು ಬೋಲ್ಟಿಗಿಂತ ದೊಡ್ಡದಿರುತ್ತೆ, ವಾಪಸ್ ಹಾಕುವಾಗ ಗೈಡ್ ತೂತು ನೋಡದೆ ಬಿಗಿದ್ರೆ ಹೀಗೇ ಆಗೋದು. ಬೋಲ್ಟ್ ತಲೆಯ ಸುತ್ತ ನೋಡಿ: ಹಳೇ ವಾಷರ್ ಕೂತಿದ್ದ ಗುರುತು ಈಗಿನ ವಾಷರ್ ಪಕ್ಕದಲ್ಲಿ ಅರ್ಧಚಂದ್ರದ ಹಾಗೆ ಹೊಳೀತಿದ್ರೆ ಸರಿದಿರೋದು ಖಚಿತ.

ಸರಿ ಮಾಡೋಕೆ ಗಾಡಿ ಲಿಫ್ಟ್ ಮೇಲೆ ಬೇಕು. ಸಬ್‌ಫ್ರೇಮ್‌ಗೆ ಕೆಳಗಿನಿಂದ ಜಾಕಿ ಕೊಟ್ಟು, ಬೋಲ್ಟ್‌ಗಳನ್ನ ಎರಡು ಮೂರು ಸುತ್ತು ಸಡಿಲಿಸಿ, ಬಾಡಿಯ ಗೈಡ್ ತೂತಿಗೆ ಪಿನ್ ಹಾಕಿ ಎಡಕ್ಕೆ ಸರಿಸಿ, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗೀಬೇಕು. ಕೆಲವು ಗಾಡಿಗಳಲ್ಲಿ ಈ ಬೋಲ್ಟ್ ಒಂದೇ ಸಲಕ್ಕೆ, ಹೊಸದು ಹಾಕಬೇಕು. ಬಲ ಆರ್ಮ್‌ನ ಬುಷ್ ಅದೇ ಹೊತ್ತಲ್ಲಿ ಹಾಕಿಸಿಬಿಡಿ. ಗೈಡ್ ಸರಿಯಾಗಿ ಕೂತ ಮೇಲೂ ಕ್ಯಾಂಬರ್ ಹೀಗೇ ಇದ್ರೆ ಮಾತ್ರ ಬಾನೆಟ್ ತೆಗೆದು ಸ್ಟ್ರಟ್ ಟವರ್ ಸುತ್ತ ವೆಲ್ಡಿಂಗ್, ಸೀಲೆಂಟ್, ಬಣ್ಣ ಹುಡುಕಿ. ಆಗ ಅದು ಮುಚ್ಚಿಟ್ಟ ಆಕ್ಸಿಡೆಂಟ್.

ಪ್ರಿಂಟ್ ಓದುವಾಗ ಒಂದು ಎಚ್ಚರ: ಕೆಲವು ಮಷೀನ್ ನಿಮಿಷದಲ್ಲಿ, ಕೆಲವು ದಶಮಾಂಶದಲ್ಲಿ ತೋರಿಸುತ್ತೆ. 0°30′ ಅಂದ್ರೆ 0.5, 0.30 ಅಲ್ಲ.

ರಬ್ಬರ್‌ಬುಷ್_ಮೈಸೂರು

ವಾಪಸ್ ತಿರುಗದೇ ಇರೋ ಸ್ಟೇರಿಂಗ್ ಯಾರೂ ಮುಟ್ಟಲಿಲ್ಲ. ಕ್ಯಾಸ್ಟರ್ ಎರಡೂ ಕಡೆ 3 ಡಿಗ್ರಿ ದಾಟಿರೋದ್ರಿಂದ ಚಕ್ರಕ್ಕೆ ವಾಪಸ್ ಬರೋ ಶಕ್ತಿ ಇದೆ. ಎಲ್ಲೋ ಒಂದು ಕಡೆ ಹಿಡೀತಿದೆ. ಜಾಗಗಳು ನಾಲ್ಕೇ: ಸ್ಟ್ರಟ್ ಮೇಲಿನ ಬೇರಿಂಗ್, ಬಾಲ್ ಜಾಯಿಂಟ್, ಕಾಲಂ ಕೆಳಗಿನ ಯೂನಿವರ್ಸಲ್ ಜಾಯಿಂಟ್, ರ‍್ಯಾಕ್.

ಮುಂದಿನ ಎರಡೂ ಚಕ್ರ ಎತ್ತಿ ಟೈ ರಾಡ್ ಎಂಡ್‌ಗಳನ್ನ ನಕ್ಕಲ್‌ನಿಂದ ಬಿಡಿಸಿ. ಈಗ ಹಬ್ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಗಟ್ಟಿ ಇದ್ರೆ, ಇಲ್ಲಾ ಸ್ಪ್ರಿಂಗ್ ಸುರುಳಿ ತಿರುಚಿ ಟಣ್ ಅಂತ ವಾಪಸ್ ಹಾರಿದ್ರೆ ಸ್ಟ್ರಟ್ ಬೇರಿಂಗ್. ಹಗುರಾಗಿದ್ರೆ ತಪ್ಪು ಸ್ಟೇರಿಂಗ್ ಕಡೆಗಿದೆ. ಎಂಜಿನ್ ಆಫ್ ಇಟ್ಟು ಸ್ಟೇರಿಂಗ್ ತಿರುಗಿಸಿ. ಮೋಟರಿನ ಸ್ವಲ್ಪ ಎಳೆತ ಎಲ್ಲಾ ಕಡೆ ಒಂದೇ ಸಮ ಇರುತ್ತೆ, ಅದು ಸಹಜ. ಒಂದು ಸುತ್ತಿನಲ್ಲಿ ಎರಡು ಸಲ ಗಟ್ಟಿ, ಎರಡು ಸಲ ಸಡಿಲ ಆದ್ರೆ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದಿದೆ. ಮಧ್ಯದ ಸುತ್ತಮುತ್ತ ಬಿಗಿ, ಅಥವಾ ಉದ್ದಕ್ಕೂ ಬಿಗಿ ಇದ್ರೆ ರ‍್ಯಾಕ್.

ಕಾಲಂ ಜಾಯಿಂಟ್ ಬಿಚ್ಚಬೇಕಾಗಿ ಬಂದ್ರೆ ಮೊದಲು ಸ್ಟೇರಿಂಗ್ ಅಲುಗಾಡದಂತೆ ಸೀಟ್ ಬೆಲ್ಟಿನಿಂದ ಕಟ್ಟಿ. ರ‍್ಯಾಕ್‌ನಿಂದ ಬಿಟ್ಟ ಮೇಲೆ ಯಾರಾದ್ರೂ ಕೈ ತಾಗಿ ಸುತ್ತಿದ್ರೆ ಏರ್‌ಬ್ಯಾಗಿಗೆ ಹೋಗೋ ಕ್ಲಾಕ್ ಸ್ಪ್ರಿಂಗ್ (ಸುರುಳಿ ವೈರ್) ಒಳಗೇ ಹರಿಯುತ್ತೆ. ಆಮೇಲೆ ಏರ್‌ಬ್ಯಾಗ್ ದೀಪ ಆರಲ್ಲ.

ನನ್ನ ಅನುಮಾನ ರ‍್ಯಾಕ್‌ನ ಅಡ್ಜಸ್ಟರ್ ನಟ್ ಮೇಲೆ. ಕಟಕಟ ಶಬ್ದಕ್ಕೆ ಲಿಂಕ್ ರಾಡ್ ನೋಡದೆ, ಮೊದಲು ಆ ನಟ್ ಬಿಗಿದು ನೋಡೋ ಚಾಳಿ ಬಹಳ ಕಡೆ ಇದೆ. ರ‍್ಯಾಕ್ ಹಿಂದೆ ಒಂದು ಸ್ಪ್ರಿಂಗ್ ಇರೋ ಗುಂಡಿ ಇರುತ್ತೆ, ಅದು ರ‍್ಯಾಕನ್ನ ಪಿನಿಯನ್‌ಗೆ (ಸ್ಟೇರಿಂಗ್ ಕಂಬದ ತುದಿಯ ಹಲ್ಲುಚಕ್ರ) ಒತ್ತಿ ಹಿಡಿಯುತ್ತೆ. ಅದನ್ನ ಬಿಗಿದ್ರೆ ಶಬ್ದ ಒಂದಿಷ್ಟು ದಿನ ಕಮ್ಮಿ ಅನ್ಸುತ್ತೆ, ಸ್ಟೇರಿಂಗ್ ವಾಪಸ್ ಬರೋದು ನಿಲ್ಲುತ್ತೆ. ನಟ್ ಮೇಲೆ ಕಂಪನಿಯ ಬಣ್ಣದ ಗುರುತು ಒಡೆದಿದ್ಯಾ, ಪಾನಾ ಜಾರಿದ ಗೀರು ಇದ್ಯಾ ನೋಡಿ.

ಕೆರೆದಂಡೆ_ಹಾಸನ

ಎರಡೂ ಹಬ್ ಹಗುರಾಗಿ ತಿರುಗ್ತವೆ. ಸ್ಟೇರಿಂಗ್ ಮಧ್ಯದಲ್ಲೇ ಬಿಗಿ, ಕೊನೆಗೆ ಹೋದಂತೆ ಇನ್ನೂ ಬಿಗಿ. ಅಡ್ಜಸ್ಟರ್ ನಟ್ ಮೇಲಿನ ಬಣ್ಣ ಒಡೆದಿದೆ, ಗೀರೂ ಇದೆ. ಹಾಗಾದ್ರೆ ಅದನ್ನ ಸ್ವಲ್ಪ ಸಡಿಲಿಸಿದ್ರೆ ಸಾಕಾ? ಸಬ್‌ಫ್ರೇಮ್, ಬುಷ್, ಲಿಂಕ್ ರಾಡ್, ಅಲೈನ್‌ಮೆಂಟ್ ಯಾವ ಕ್ರಮದಲ್ಲಿ ಮಾಡಿಸಲಿ? ಟೈರ್ ಹಲ್ಲು 3 ಮಿ.ಮೀ. ಉಳಿದಿದೆ.

ರಬ್ಬರ್‌ಬುಷ್_ಮೈಸೂರು

ಅಂದಾಜಿನಲ್ಲಿ ಸಡಿಲಿಸಬೇಡಿ. ನಿಯಮ ಹೀಗಿರುತ್ತೆ: ರ‍್ಯಾಕ್ ಮಧ್ಯದಲ್ಲಿಟ್ಟು, ಲಾಕ್ ನಟ್ ಬಿಟ್ಟು, ಅಡ್ಜಸ್ಟರನ್ನ ಹೇಳಿದ ಸಣ್ಣ ಟಾರ್ಕ್‌ಗೆ ಬಿಗಿದು, ಅಲ್ಲಿಂದ ಹೇಳಿದಷ್ಟು ಡಿಗ್ರಿ ಹಿಂದಕ್ಕೆ ತಿರುಗಿಸಿ ಲಾಕ್ ಮಾಡೋದು. ಆ ಎರಡು ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ವರ್ಕ್‌ಶಾಪ್ ಮ್ಯಾನುಯಲ್ ಇರೋವರ ಹತ್ತಿರವೇ ಮಾಡಿಸಿ. ಹೊಂದಿಸಿದ ಮೇಲೆ ಲಾಕ್‌ನಿಂದ ಲಾಕ್‌ಗೆ ತಿರುಗಿಸಿ ನೋಡಬೇಕು. ಮಧ್ಯದಲ್ಲಿ ಲೂಸ್, ಕೊನೆಯಲ್ಲಿ ಬಿಗಿ ಬಂದ್ರೆ ರ‍್ಯಾಕ್ ಹಲ್ಲು ಮಧ್ಯದಲ್ಲಿ ಸವೆದಿದೆ. ಓಡಿಸುವಾಗ ಜಾಸ್ತಿ ಬಳಕೆ ಆಗೋದು ಅದೇ ಜಾಗ. ಆಗ ಯಾವ ಹೊಂದಾಣಿಕೆಗೂ ಅದು ಬಗ್ಗಲ್ಲ, ರ‍್ಯಾಕ್ ಬದಲಿಸೋ ಮಾತು ನಿಜ ಆಗುತ್ತೆ. ನೀವು ಹೇಳಿದ "ಕೊನೆಗೆ ಇನ್ನೂ ಬಿಗಿ" ಅನ್ನೋದು ಸ್ವಲ್ಪ ಆ ಕಡೆಗೇ ತೋರಿಸ್ತಿದೆ, ಆದ್ರೆ ಅಡ್ಜಸ್ಟರ್ ಸರಿ ಮಾಡದೆ ತೀರ್ಮಾನ ಬೇಡ. ಹಾಗೇ ರ‍್ಯಾಕ್ ಬೂಟ್ ಎರಡೂ ಹಿಸುಕಿ ನೋಡಿ. ಹರಿದು ಒಳಗೆ ನೀರು, ಮರಳು ಹೋಗಿದ್ರೆ ಹೊಂದಾಣಿಕೆಗೆ ದುಡ್ಡು ಹಾಕಬೇಡಿ.

ಪಾನಾ_ಹುಬ್ಬಳ್ಳಿ

ಕ್ರಮ ಹಿಂಗ ಮಾಡ್ರಿ. ಮೊದಲ ರ‍್ಯಾಕ್ ಅಡ್ಜಸ್ಟರ್, ಅದು ಫೇಲ್ ಆದ್ರ ಸಬ್‌ಫ್ರೇಮ್ ಹೆಂಗಿದ್ರೂ ಸಡಿಲ ಮಾಡಬೇಕಲ್ಲ, ರ‍್ಯಾಕೂ ಅದರ ಜೊತಿಗೆ ಆಗತೈತಿ, ಎರಡು ಸಲ ಕೂಲಿ ಬ್ಯಾಡ. ಆಮ್ಯಾಲೆ ಬುಷ್, ಸಬ್‌ಫ್ರೇಮ್ ಗೈಡಿಗೆ ಕೂಡಸೂದು, ಲಿಂಕ್ ರಾಡ್ ಎರಡೂ ಕಡೆ ಹೊಸಾವು. ಟೈ ರಾಡ್ ಎಂಡ್ ಮ್ಯಾಲೆ ಸ್ಪ್ಲಿಟ್ ಪಿನ್ ಇದ್ರ ಹಳೇದ್ದ ನೆಟ್ಟಗ ಮಾಡಿ ಹಾಕಬ್ಯಾಡ್ರಿ, ಹೊಸಾದ ಹಾಕ್ರಿ. ನೈಲಾನ್ ನಟ್ಟಿಗೂ ಇದ ಮಾತು.

ಟೈರಿಗೆ 1.6 ಮಿ.ಮೀ. ಕಾನೂನಿನ ಗಡಿ, 3 ಇದ್ರ ಈ ಮಳಿಗಾಲ ನಡೀತೈತಿ. ಆದ್ರ ಒಳ ಅಂಚು ಕೈಯಾಡಿಸಿ ನೋಡ್ರಿ. ಬಲಗಡೆ ಕ್ಯಾಂಬರ್ ಇಷ್ಟ ದಿನಾ ಮೈನಸ್ ಇತ್ತಲ್ಲ, ಒಳಗ ಬೋಳಾಗಿರಬೇಕು. ಬೋಳಾಗಿದ್ರ ಮುಂದಿನ ಜೋಡಿ ಹೊಸಾದ ಹಾಕಿಸಿಯೇ ಅಲೈನ್‌ಮೆಂಟಿಗೆ ಹೋಗ್ರಿ. ಸವೆದ ಟೈರ್ ಮ್ಯಾಲೆ ಅಲೈನ್‌ಮೆಂಟ್ ಮಾಡಿ, ನೇರ ಹೋಗವಲ್ದು ಅಂತ ಮತ್ತ ಟೋ ತಿರುವೂದು ಬ್ಯಾಡ.

ಟೋಇನ್_ತುಮಕೂರು

ಹುಬ್ಬಳ್ಳಿಯವರ ಕ್ರಮವೇ ಸರಿ. ಅಲೈನ್‌ಮೆಂಟ್ ಎಲ್ಲದಕ್ಕಿಂತ ಕೊನೆಗೆ. ಟೈರ್ ತಣ್ಣಗಿದ್ದಾಗ ಒತ್ತಡ ಸರಿ ಮಾಡಿ, ಡಿಕ್ಕಿಯಲ್ಲಿರೋ ಭಾರ ಇಳಿಸಿ ಹೋಗಿ. ಟರ್ನ್ ಪ್ಲೇಟ್ (ಚಕ್ರದ ಕೆಳಗೆ ಇಡೋ ತಿರುಗೋ ತಟ್ಟೆ) ಮೇಲೆ ಗಾಡಿ ನಿಲ್ಲಿಸಿದ ಮೇಲೆ ಬಾನೆಟ್ ಮತ್ತು ಡಿಕ್ಕಿ ಎರಡನ್ನೂ ಒತ್ತಿ ಕುಣಿಸಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಕೂತ ಮೇಲೆ ಅಳತೆ ಶುರು ಮಾಡಿಸಿ. ಮುಂಚಿನ ಮತ್ತು ಆಮೇಲಿನ ಎರಡೂ ಪ್ರಿಂಟ್ ಕೇಳಿ ತಗೊಳ್ಳಿ, ಇಲ್ಲಿ ಹಾಕಿ. ಸಬ್‌ಫ್ರೇಮ್ ಸರಿಯಾಗಿ ಕೂತಿದ್ರೆ ಕ್ಯಾಂಬರ್ ಎರಡೂ ಕಡೆ −0°50′ ಆಸುಪಾಸಿಗೆ ತಾನಾಗೇ ಬಂದಿರಬೇಕು.